ನಮ್ಮನೆಯವರ ಮಾತು, ಬೇರೆಯವರ ದನಿ

ಕಾಲೇಜಿನವರು ಬರುತ್ತಾರೆಂದು ನಮ್ಮನೆಯವರು ಅವತ್ತು ಬೆಳಿಗ್ಗೆಯಿಂದ ಎಲೆಅಡಿಕೆ ಮುಟ್ಟಿರಲಿಲ್ಲ. ನಮ್ಮ ಮದುವೆಯ ದಿನವೂ ಬಿಡದಿದ್ದ ಎಲೆಅಡಿಕೆ ಅದು. ಮೆಣಸು ಜಜ್ಜಿ ಹಾಕಿ ಕುದಿಸಿದ ನೀರನ್ನು ಲೋಟಕ್ಕೆ ಹಾಕಿಸಿಕೊಂಡು, ನಿಟ್ಟುವಳ್ಳಿಯ ನಮ್ಮ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತು ಗುಟುಕರಿಸುತ್ತಿದ್ದರು. ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಬೇರೆ. ದನಿ ತಗೊಂಡು ಹೋಗುವವರಿಗೆ ಅಂಗಿ ಯಾಕೆ ಎಂದು ಕೇಳಿದರೆ, "ದನಿಗೂ ಗೊತ್ತಾಗ್ತದೆ, ಮೈಮೇಲೆ ಏನೈತೆ ಅಂತ" ಎಂದರು.

ಅವರ ಕಸುಬು ಕೂಗುವುದು. ತಲೆಯ ಮೇಲೆ ಹಾರ್ನ್ ಕಟ್ಟಿದ ಆಟೊದ ಹಿಂದಿನ ಸೀಟಿನಲ್ಲಿ ಕೂತು, ಮೈಕ್ ಹಿಡಿದು, ದಾವಣಗೆರೆಯ ಗಲ್ಲಿ ಗಲ್ಲಿ ತಿರುಗುತ್ತಿದ್ದರು. ನಾಟಕ ಕಂಪನಿಯ ಆಟ, ಸೀರೆಯ ರಿಯಾಯಿತಿ ಮಾರಾಟ, ಕಣ್ಣಿನ ತಪಾಸಣೆ, ನಾಳೆ ನಲ್ಲಿ ನೀರು ಬರುವುದಿಲ್ಲ, ಮಗು ತಪ್ಪಿಸಿಕೊಂಡಿದೆ, ಇಂಥವರು ತೀರಿಕೊಂಡಿದ್ದಾರೆ. ಕೆಲಸ ಇದ್ದರೆ ಹರಿಹರದವರೆಗೂ ಹೋಗಿ ಬರುತ್ತಿದ್ದರು. ಅವರ ಮುಖ ನೋಡದವರಿಗೂ ಅವರ ದನಿ ಗೊತ್ತಿತ್ತು. ನನ್ನ ಜೊತೆ ಸಂತೆಗೆ ಬಂದು ಇವರು ಸೊಪ್ಪಿನ ದರಕ್ಕೆ ಜಗಳ ಆಡುವಾಗ ಸೊಪ್ಪಿನವಳು ಕತ್ತೆತ್ತಿ, "ನೀವೇ ಏನ್ರಿ ಅವರು" ಎಂದು ಕೇಳಿದ್ದುಂಟು.

ಇಷ್ಟು ಕೂಗಿದ ಮನುಷ್ಯನ ದನಿಯನ್ನು ಯಾರೂ ಎಲ್ಲಿಯೂ ಹಿಡಿದಿಟ್ಟಿರಲಿಲ್ಲ ಎಂದರೆ ಓದುವವರಿಗೆ ನಂಬಿಕೆ ಬರಲಿಕ್ಕಿಲ್ಲ. ಅದಕ್ಕೆ ಕಾರಣ ಅವರೇ. ಅಂಗಡಿಯವರು ಒಂದು ಸಲ ಹೇಳಿಸಿ ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಲು ಎಷ್ಟೋ ಸಲ ಕರೆದಿದ್ದರು. ಇವರು ಹೋಗಲಿಲ್ಲ. "ದನಿ ಒಂದ್ಸಲ ಡಬ್ಬಿಗೆ ಬಿತ್ತಂದ್ರೆ ಆಮೇಲೆ ನನ್ನ ಯಾರು ಕರೀತಾರೆ?" ಎನ್ನುತ್ತಿದ್ದರು. ಡಬ್ಬಿಗೆ ಬೀಳದಿದ್ದರೂ ಕರೆಯುವವರು ಕಡಿಮೆಯಾದರು, ಅದು ಬೇರೆ ಮಾತು. ಬೇರೆ ಊರಿನಲ್ಲಿ ಯಾರೋ ಓದಿದ್ದು ನಮ್ಮ ಊರಿನ ಆಟೊಗಳಲ್ಲಿ ತಿರುಗತೊಡಗಿತು. ಆದರೂ ಇವರು ಪಟ್ಟು ಬಿಡಲಿಲ್ಲ. ಮೊಬೈಲಿನಲ್ಲಿಯೂ ದನಿ ಕಳಿಸುತ್ತಿರಲಿಲ್ಲ. ಸಂಬಂಧಿಕರ ಮದುವೆಯ ವಿಡಿಯೊ ಒಂದರಲ್ಲಿ ಇವರು ಬಾಯಿ ತೆರೆದು ಏನೋ ಹೇಳುವುದು ಕಾಣುತ್ತದೆ. ಅದರ ಮೇಲೆ ಫೋಟೊಗ್ರಾಫರ್ ಸಿನಿಮಾ ಹಾಡು ಹಾಕಿದ್ದಾನೆ.

ಕಾಲೇಜಿಗೆ ಮಾತ್ರ ಯಾಕೆ ಒಪ್ಪಿದರೆಂದರೆ, ಕನ್ನಡ ಮೇಷ್ಟ್ರು ಬಂದು, "ನಾವು ಮಾರಾಟ ಮಾಡೋದಲ್ಲ ಯಜಮಾನ್ರೆ, ಲೈಬ್ರರಿಯಲ್ಲಿ ಇಟ್ಕೊಳ್ಳೋದು. ನಿಮ್ಮಂಥವರ ಮಾತು ಮುಂದಿನವರಿಗೆ ಬೇಕು" ಎಂದಿದ್ದರು. ಇಟ್ಟುಕೊಳ್ಳುವುದಾದರೆ ಆಗಲಿ ಎಂದರು ಇವರು.

ಮೇಷ್ಟ್ರು, ಜೊತೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ವಿದ್ಯಾರ್ಥಿನಿ ಬಂದರು. ಅಂಗಿಯ ಕಾಲರಿಗೆ ಸಣ್ಣ ಮೈಕ್ ಸಿಕ್ಕಿಸಿದಾಗ ಇವರಿಗೆ ಅವಮಾನವಾಯಿತು.

"ಏನ್ ಮೇಷ್ಟ್ರೆ, ಇದು ಮೈಕೋ, ಅಂಗಿ ಗುಂಡಿಯೋ?"

"ಇದು ಬಹಳ ಸೂಕ್ಷ್ಮ ಯಜಮಾನ್ರೆ. ನೀವು ಮೆಲ್ಲಗೆ ಮಾತಾಡಿದ್ರೂ ಸಾಕು."

"ಮೆಲ್ಲಗೆ ಮಾತಾಡಾಕೆ ನನಗೆ ಬರಂಗಿಲ್ಲ. ನಮ್ಮನೆಯಾಕೀನ ಕೇಳ್ರಿ."

ನಾಟಕದ ಕೂಗು ಹೇಳಿ ತೋರಿಸಿ ಎಂದಾಗ ಇವರು ಎದ್ದು ನಿಂತೇ ಕೂಗಿದರು. ಆ ಹುಡುಗಿ ಹೆಡ್‌ಫೋನ್ ಕಿತ್ತು ಕಿವಿ ಉಜ್ಜಿಕೊಂಡಳು. ಪಕ್ಕದ ಮನೆಯವರು ಯಾವ ಕಂಪನಿ ಕ್ಯಾಂಪ್ ಬಂತು ಎಂದು ಬಾಗಿಲಿಗೆ ಬಂದರು. ನಾನು ಒಗ್ಗರಣೆ ಮಂಡಕ್ಕಿ ಮಾಡಿ, ಮೆಣಸಿನಕಾಯಿ ಕರಿದು ಕೊಟ್ಟೆ. ಸಂಜೆ ಅವರೆಲ್ಲ ಹೋದ ಮೇಲೆ ಇವರು ಮೊದಲು ಮಾಡಿದ ಕೆಲಸ ಎಲೆಗೆ ಸುಣ್ಣ ಹಚ್ಚಿದ್ದು. ಹೆಂಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು, ಗೋಡೆ ಬಿರುಕು ಬಿಡಲಿಲ್ಲ ಅಷ್ಟೇ ಎಂದೆ. ನಕ್ಕರು.

ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿದ್ದರು. ಅವರ ಆಟೊದ ಜೊತೆಗಾರ ಹಾರ್ನ್ ಕಟ್ಟಿಕೊಂಡು ಮನೆ ಮುಂದೆ ಬಂದು ನಿಂತ. ಊರಿಗೆ ಸಾವಿನ ಸುದ್ದಿ ಹೇಳಬೇಕಲ್ಲ. ಆಟೊ ಇತ್ತು, ಮೈಕ್ ಇತ್ತು. ಕೂಗುವವರು ಒಳಗೆ ಮಲಗಿದ್ದರು.

ನಮಗೆ ಮಕ್ಕಳಿಲ್ಲ. ಹರಿಹರದಿಂದ ನನ್ನ ನಾದಿನಿ, ಅಂದರೆ ಇವರ ತಂಗಿ, ಬಂದು ನನ್ನ ಜೊತೆ ಉಳಿದಳು. ಅವಳ ಬಾಯಿ ಅಣ್ಣನ ಬಾಯಿಗಿಂತ ಕಡಿಮೆಯದಲ್ಲ. ಆದರೆ ಆ ದಿನಗಳಲ್ಲಿ ಅವಳೂ ಸುಮ್ಮನಿದ್ದಳು. ನಾನು ಸೀರೆಗೆ ಫಾಲ್ಸ್ ಹೊಲಿಯುತ್ತ ಕೂತಿರುತ್ತಿದ್ದೆ. ಸೂಜಿ ಬಟ್ಟೆಯೊಳಗೆ ಹೋಗುವ ಶಬ್ದ ಕೇಳುತ್ತಿತ್ತು. ಆ ಮನೆಯಲ್ಲಿ ಅದು ಕೇಳಿದ್ದು ಅದೇ ಮೊದಲು.

ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾದಿನಿಯೇ ಹೇಳಿದಳು. "ಅತ್ತಿಗೆ, ಕಾಲೇಜಿನೋರು ರೆಕಾರ್ಡ್ ಮಾಡ್ಕಂಡು ಹೋಗ್ಯಾರಲ್ಲ. ಕೇಳಾನ ನಡಿ."

ಅವತ್ತಿನಿಂದ ನನಗೆ ಅದೊಂದೇ ಯೋಚನೆ. ಸತ್ತವರ ಫೋಟೊಕ್ಕೆ ಹಾರ ಹಾಕಿ ಗೋಡೆಗೆ ತೂಗುಹಾಕುತ್ತೇವೆ. ಇವರ ಫೋಟೊ ನೋಡಿದರೆ ನನಗೆ ಯಾರೋ ಪರಿಚಯದವರು ಅನಿಸುತ್ತದೆ. ಬಾಯಿ ಮುಚ್ಚಿಕೊಂಡು ಅವರು ಹಾಗೆ ಎಂದೂ ಕೂತವರಲ್ಲ. ನನಗೆ ಅವರ ದನಿ ಬೇಕಾಗಿತ್ತು.

ಮೇಷ್ಟ್ರಿಗೆ ಫೋನ್ ಮಾಡಿದೆ. ಬಹಳ ಮರುಗಿದರು. ಆಮೇಲೆ ಹೇಳಿದರು, "ಚಿಂತೆ ಮಾಡಬ್ಯಾಡ್ರಿ ಅಮ್ಮ. ಅವರು ನಮ್ಮ ಡಿಜಿಟಲ್ ಸಂಗ್ರಹದಲ್ಲಿ ಶಾಶ್ವತವಾಗಿ ಇರ್ತಾರೆ."

"ಶಾಶ್ವತ ಆಮೇಲೆ ಇರಲಿ ಸರ್. ಈಗ ಒಂದು ಸಲ ಕೇಳಬಹುದಾ?"

"ಈಗ ಆಗೋದಿಲ್ಲ. ಇನ್ನೂ ಉದ್ಘಾಟನೆ ಆಗಿಲ್ಲ."

ಉದ್ಘಾಟನೆ ಆಗದಿದ್ದರೆ ದನಿ ಕೇಳುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ನಾನು ಹತ್ತನೇ ತರಗತಿವರೆಗೆ ಓದಿದವಳು. ಇಂಥ ವಿಷಯಗಳಲ್ಲಿ ಓದಿದವರು ಹೇಳಿದ್ದನ್ನು ಕೇಳುವುದು ರೂಢಿ. ಕಾದೆ.

ಉದ್ಘಾಟನೆಗೆ ನಮ್ಮನ್ನು ಕರೆದರು. ಮುಂದಿನ ಸಾಲಿನ ಕುರ್ಚಿ ಕೊಟ್ಟರು. ವೇದಿಕೆಯ ಮೇಲೆ ಕೂತವರು ಎಷ್ಟಿದ್ದರೆಂದರೆ ಕೆಳಗೆ ಕೂರಲು ವಿದ್ಯಾರ್ಥಿಗಳನ್ನು ಕ್ಲಾಸಿನಿಂದ ಎಬ್ಬಿಸಿಕೊಂಡು ಬರಬೇಕಾಯಿತು. ಮಾತಾಡಿದ ಪ್ರತಿಯೊಬ್ಬರೂ ಇನ್ನು ಮುಂದೆ ಜ್ಞಾನ ನಮ್ಮ ಬೆರಳ ತುದಿಯಲ್ಲಿದೆ ಎಂದರು. ಹೇಳಿ ಬೆರಳು ಎತ್ತಿ ತೋರಿಸಿದರು. ಒಬ್ಬರು ಹಳೆಯ ಗ್ರಂಥಾಲಯದಲ್ಲಿ ಧೂಳು ಇತ್ತು, ಈಗ ಇಲ್ಲ ಎಂದರು. ಮೈಕ್ ಮಧ್ಯ ಮಧ್ಯ ಕುಯ್ಯೆಂದು ಕಿರುಚುತ್ತಿತ್ತು. ಯಾರೂ ಅದನ್ನು ಸರಿ ಮಾಡಲಿಲ್ಲ.

"ಅಣ್ಣ ಇದ್ದಿದ್ರೆ ಮೊದ್ಲು ಆ ಮೈಕಿನ ಹತ್ರ ಹೋಗ್ತಿದ್ದ" ಎಂದು ನಾದಿನಿ ನನ್ನ ಕಿವಿಯಲ್ಲಿ ಹೇಳಿದಳು. "ಇವರ ಬೆರಳು ಎತ್ಲಾಗೆ ಐತೆ, ಮೈಕಿನ ಗುಂಡಿ ಎತ್ಲಾಗೆ ಐತೆ."

ಮುಖ್ಯ ಅತಿಥಿಗಳು ಕಂಪ್ಯೂಟರಿನ ಗುಂಡಿ ಒತ್ತಿದರು. ಪರದೆಯ ಮೇಲೆ ಚಿತ್ರಗಳು ಬಂದವು. ಹಳೆಯ ನಾಟಕದ ಕರಪತ್ರ, ಮುಚ್ಚಿಹೋದ ಗಿರಣಿಯ ಗೇಟು, ಯಾವುದೋ ತಾಳೆಗರಿ, ಕೊನೆಗೆ ಬಿಳಿ ಅಂಗಿಯಲ್ಲಿ ನಮ್ಮನೆಯವರು. ಚಪ್ಪಾಳೆ ಬಿತ್ತು. ನನ್ನನ್ನು ಮೇಲೆ ಕರೆದು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ದನಿ ಹಾಕಲಿಲ್ಲ. ಸಮಯದ ಅಭಾವ ಎಂದರು. ಸಮಯವೆಲ್ಲ ಬೆರಳ ತುದಿಗೆ ಹೋಗಿತ್ತು.

"ಇನ್ನು ಯಾವಾಗ ಬೇಕಾದ್ರೂ ಬರ್ರಿ" ಎಂದು ಮೇಷ್ಟ್ರು ಊಟದ ಸಾಲಿನಲ್ಲಿ ನಿಂತೇ ಹೇಳಿದರು. "ಎಲ್ಲರಿಗೂ ಮುಕ್ತ ಪ್ರವೇಶ."

ಮುಂದಿನ ವಾರ ನಾದಿನಿಯೂ ನಾನೂ ಹೋದೆವು. ಮುಕ್ತ ಪ್ರವೇಶಕ್ಕೆ ಗೇಟಿನಲ್ಲಿ ಗುರುತಿನ ಚೀಟಿ ಬೇಕಾಗಿತ್ತು. ನನ್ನ ಆಧಾರ್ ಕಾರ್ಡ್ ನೋಡಿದ ಕಾವಲುಗಾರ, "ಇದು ಕಾಲೇಜಿಂದಲ್ಲವಲ್ರಿ" ಎಂದ. ಇದು ಸರಕಾರದ್ದಪ್ಪ ಎಂದು ನಾದಿನಿ ಹೇಳಿದಳು. ಸರಕಾರದ್ದು ನಡೆಯಲ್ಲ ಎಂದ. ಕೊನೆಗೆ ಗ್ರಂಥಪಾಲಕರೇ ಕೆಳಗಿಳಿದು ಬಂದು ಕರೆದುಕೊಂಡು ಹೋದರು.

ಗ್ರಂಥಪಾಲಕರು ಒಳ್ಳೆಯವರು. ನಮ್ಮಿಬ್ಬರಿಗೂ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿದರು. ಅವರು ಮಾಡಿದ ಕೆಲಸವೂ ಒಳ್ಳೆಯದೇ. ಒಂದು ಹಳೆಯ ನಾಟಕದ ಕರಪತ್ರ ತೆಗೆದು ತೋರಿಸಿದರು. ಲೈಟು ಕಂಬಕ್ಕೆ ಅಂಟಿಸಿ, ಮಳೆಗೆ ಹರಿದು, ಎಮ್ಮೆ ತಿಂದು ಹೋಗುತ್ತಿದ್ದ ತೆಳು ಕಾಗದ. ಅದನ್ನು ದೊಡ್ಡದು ಮಾಡುತ್ತ ಹೋದರೆ ಶಾಯಿ ಹೀರಿದ ಕಾಗದದ ನಾರು ಕೂಡ ಕಾಣುತ್ತಿತ್ತು. ಕಣ್ಣು ಮಂಜಾದವರಿಗೆಂದು ಅಕ್ಷರ ದೊಡ್ಡದು ಮಾಡುವ ಗುಂಡಿ ಇಟ್ಟಿದ್ದರು. ಮನೆಯಿಂದಲೇ ಫೋನಿನಲ್ಲಿ ನೋಡಲು ಕೇಳಿದವರಿಗೆಲ್ಲ ಪಾಸ್‌ವರ್ಡ್ ಕೊಡುತ್ತೇವೆ, ನಿಮಗೂ ಕೊಡುತ್ತೇನೆ ಎಂದರು. ಕಾಗದಕ್ಕೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನೋಡಿ ದನಿಗೆ ಇನ್ನೆಷ್ಟು ಸಿಕ್ಕಿರಬೇಡ ಎಂದುಕೊಂಡೆ.

"ಇಲ್ಲಿ ಹೆಸರು ಹಾಕಿದ್ರೆ ಬರ್ತದೆ. ಯಜಮಾನ್ರ ಹೆಸರು ಹೇಳ್ರಿ ಅಮ್ಮ."

ಮದುವೆಯಾದಾಗಿನಿಂದ ನಾನು ಅವರ ಹೆಸರು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೂಡ ಕಾರ್ಡ್ ತೋರಿಸಿ ಬೆರಳು ಮಾಡುತ್ತಿದ್ದೆ. ನಾದಿನಿಯ ಮುಖ ನೋಡಿದೆ. ಅವಳು ಅರ್ಥ ಮಾಡಿಕೊಂಡು ಅಣ್ಣನ ಹೆಸರನ್ನು ಇಡೀ ಗ್ರಂಥಾಲಯಕ್ಕೆ ಕೇಳುವಂತೆ ಹೇಳಿದಳು. ಓದುತ್ತಿದ್ದವರು ತಲೆ ಎತ್ತಿದರು. ಗ್ರಂಥಪಾಲಕರು ಟೈಪ್ ಮಾಡಿದರು. ಯಾವುದೇ ಫಲಿತಾಂಶ ಲಭ್ಯವಿಲ್ಲ ಎಂದು ಬಂತು.

"ಲಭ್ಯ ಇಲ್ಲಂದ್ರೆ ಹೆಂಗ್ರಿ? ಅವತ್ತು ಪರದೆ ಮೇಲೆ ಇದ್ನಲ್ಲ ನಮ್ಮಣ್ಣ."

ಗ್ರಂಥಪಾಲಕರು ಮುಖ ಸಣ್ಣದು ಮಾಡಿಕೊಂಡು ಮೇಷ್ಟ್ರ ಹೆಸರು ಹಾಕಿದರು. ಪುಟ ತುಂಬ ಬಂತು. ಅದರಲ್ಲೊಂದು ಸಾಲು: ಧ್ವನಿವರ್ಧಕ ಪ್ರಚಾರ ಪರಂಪರೆ. ಸಂಗ್ರಹ, ಮೇಷ್ಟ್ರ ಹೆಸರು. ಸಂಪಾದನೆ, ಮತ್ತೆ ಅವರದೇ ಹೆಸರು. ಮಾಹಿತಿದಾರ: ಸ್ಥಳೀಯ ಹಿರಿಯರು.

"ಹಿರಿಯರು ಅಂತ ಮರ್ಯಾದೆ ಕೊಟ್ಟಾರೆ ಬಿಡು ಅತ್ತಿಗೆ" ಎಂದಳು ನಾದಿನಿ. "ಹೆಸರು ಯಾಕೆ, ಹಿರಿಯರಿಗೆ."

ಇದ್ದದ್ದು ಒಂದೇ ಹೆಡ್‌ಫೋನ್. ಒಂದು ಕಡೆಯದು ನನ್ನ ಕಿವಿಗೆ, ಇನ್ನೊಂದು ಕಡೆಯದು ಅವಳ ಕಿವಿಗೆ ಇಟ್ಟುಕೊಂಡು, ಕೆನ್ನೆಗೆ ಕೆನ್ನೆ ತಾಗಿಸಿ ಕೂತೆವು. ಮೊದಲು ಕೊಳಲು ಕೇಳಿಸಿತು. ಆಮೇಲೆ ಒಬ್ಬ ಹುಡುಗಿ ಮಾತಾಡಿದಳು. ಇಂಪಾದ ದನಿ.

"ನಾನು ದಾವಣಗೆರೆ ಮಹಾನಗರದ ಓರ್ವ ಧ್ವನಿವರ್ಧಕ ಪ್ರಚಾರಕನಾಗಿದ್ದು, ನನ್ನ ವೃತ್ತಿಜೀವನವು ಅನೇಕ ಏಳುಬೀಳುಗಳಿಂದ ಕೂಡಿರುತ್ತದೆ."

ಪೀಠಿಕೆ ಇರಬೇಕು ಎಂದುಕೊಂಡು ಕಾದೆವು. ಹುಡುಗಿ ನಿಲ್ಲಿಸಲಿಲ್ಲ. ಅವತ್ತು ನಾನು ಒಲೆಯ ಮುಂದೆ ನಿಂತು ಕೇಳಿಸಿಕೊಂಡ ಮಾತುಗಳೇ ಒಂದೊಂದಾಗಿ ಅವಳ ಬಾಯಲ್ಲಿ ಬರತೊಡಗಿದವು. "ಹೊಟ್ಟೆ ತುಂಬಿದ್ದು ಕಮ್ಮಿ ಮೇಷ್ಟ್ರೆ, ಗಂಟ್ಲು ಹರಿದಿದ್ದು ಜಾಸ್ತಿ" ಎಂದು ಇವರು ಹೇಳಿದ್ದು, ಆದಾಯಕ್ಕಿಂತ ಪರಿಶ್ರಮವೇ ಅಧಿಕವಾಗಿತ್ತು ಎಂದಾಗಿತ್ತು. ಬಸ್ ನಿಲ್ದಾಣದಲ್ಲಿ ಅಳುತ್ತಿದ್ದ ಮಗುವನ್ನು ಆಟೊದಲ್ಲಿ ಕೂರಿಸಿಕೊಂಡು ಕೂಗಿದ ಕಥೆಯೂ ಇತ್ತು. ಇವರು ಕೂಗಿ ತೋರಿಸಿದ್ದು ಹೀಗೆ: "ಕೆಂಪು ಲಂಗದ ಕೂಸು, ಅತ್ತು ಅತ್ತು ಸಾಕಾಗೈತೆ, ಇದರವ್ವ ಎಲ್ಲಿದ್ರೂ ಬಾರವ್ವ." ಈಗ ಕೇಳಿಸಿದ್ದು ಹೀಗೆ:

"ಕೆಂಪು ವಸ್ತ್ರ ಧರಿಸಿದ ಬಾಲಕಿಯೋರ್ವಳು ರೋದಿಸುತ್ತಿದ್ದು, ಆಕೆಯ ಮಾತೆಯು ಶೀಘ್ರವಾಗಿ ಆಗಮಿಸತಕ್ಕದ್ದು."

ನಾದಿನಿ ಹೆಡ್‌ಫೋನಿನಿಂದ ಕಿವಿ ತೆಗೆದಳು. "ಇಂಥಾ ಕೂಗಿಗೆ ಯಾವ ತಾಯಿ ಬರ್ತಾಳೆ? ಕೋರ್ಟಿಂದು ಅಂತ ತಿಳ್ಕಂಡು ಆ ಕಡೆ ಓಡ್ತಾಳೆ."

ನಾನು ಕೊನೆಯವರೆಗೂ ಕೇಳಿದೆ. ಎಲ್ಲಿಯಾದರೂ ಒಂದು ಕಡೆ, ಒಂದು ಕೆಮ್ಮಾದರೂ ಉಳಿದಿರಬಹುದೆಂದು. ಕೆಮ್ಮು ಇರಲಿಲ್ಲ. ಕೊಳಲು ಮತ್ತೆ ಬಂದು ನಿಂತಿತು.

ಮೇಷ್ಟ್ರನ್ನು ಕರೆಸಿದರು. ಅವರು ನಗುತ್ತಲೇ ಬಂದರು. ತಪ್ಪು ಮಾಡಿದವರ ಮುಖ ಅವರದಾಗಿರಲಿಲ್ಲ.

"ಹೆಂಗಿದೆ ಅಮ್ಮ? ಭಾಷಣ ಸ್ಪರ್ಧೆಯಲ್ಲಿ ಬಹುಮಾನ ತಗೊಂಡ ಹುಡುಗಿ ಅವಳು. ಒಂದೂ ಉಚ್ಚಾರಣೆ ತಪ್ಪಿಲ್ಲ."

"ಅವರ ದನಿ ಎಲ್ಲಿ ಸರ್?" ಎಂದೆ.

"ನೋಡ್ರಿ, ಅವರ ಭಾಷೆ ಸ್ವಲ್ಪ ಒರಟು. ನಡುನಡುವೆ ಬೈಗುಳ. ಹಿಂದೆ ಕುಕ್ಕರ್ ಕೂಗೋದು ಬೇರೆ. ನಾಳೆ ಹೊರಗಿನವರು ಕೇಳಿದರೆ ದಾವಣಗೆರೆಯವರು ಹಿಂಗೆ ಮಾತಾಡ್ತಾರೆ ಅಂತ ತಿಳ್ಕೊಂಡುಬಿಡ್ತಾರೆ."

"ಮತ್ತೆ ಹೆಂಗೆ ಮಾತಾಡ್ತೀವ್ರಿ?" ಎಂದು ನಾದಿನಿ ಕೇಳಿದಳು. "ಈಗ ನೀವು ಮಾತಾಡಿದ್ದು ಯಾವ ಊರಿಂದು?"

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳಲಿಲ್ಲ. "ಅಕ್ಸೆಸ್ ಅಂದ್ರೆ ಅದೇ ಅಲ್ಲವೇನಮ್ಮ. ಎಲ್ಲರಿಗೂ ತಿಳಿಯೋ ಹಾಗೆ ಮಾಡಿ ಇಡೋದು. ಅವರ ಮಾತಿಗೆ ನಾವು ಒಂದು ಘನತೆ ಕೊಟ್ಟಿದ್ದೀವಿ."

"ಘನತೆ ಅಲ್ಲಿರಲಿ ಸರ್. ಅವತ್ತು ತಗೊಂಡದ್ದು ಹಂಗೇ ಒಂದ್ಸಲ ಕೇಳಿಸ್ರಿ. ಬೈಗುಳ ಇದ್ರೂ ನಡೀತದೆ. ನನಗೆ ಅಭ್ಯಾಸ ಐತೆ."

ಅವರು ಗ್ರಂಥಪಾಲಕರ ಕಡೆ ನೋಡಿದರು. ಗ್ರಂಥಪಾಲಕರು, "ನನ್ನ ಹತ್ರ ಬಂದಿರೋದು ಇದೊಂದೇ ಸರ್. ಮೂಲ ಕೊಡ್ರಿ ಅಂತ ಆಗಲೇ ಕೇಳಿದ್ದೆ" ಎಂದರು.

"ಇದನ್ನೇ ಮೂಲ ಅಂತ ಇಟ್ಕೊಳ್ರಿ ಅಂತ ನಾನೂ ಹೇಳಿದ್ದೆನಲ್ಲ."

ಆಮೇಲೆ ಒಂದೊಂದಾಗಿ ಹೊರಬಂತು. ಕಾಲೇಜಿನ ಹತ್ತಿರ ರೆಕಾರ್ಡರ್ ಇದ್ದದ್ದು ಒಂದು, ಅದರ ಮೆಮೊರಿ ಕಾರ್ಡ್ ಒಂದು. ಹುಡುಗಿಯ ದನಿಯಲ್ಲಿ ಓದಿಸಿ ಆದ ಮೇಲೆ ಇವರ ದನಿಯ ಕೆಲಸ ಮುಗಿಯಿತು. ಉದ್ಘಾಟನೆಯ ಭಾಷಣಗಳಿಗೆ ಜಾಗ ಬೇಕಾಗಿತ್ತು. ಅಳಿಸಿದರು. ಹೆಡ್‌ಫೋನ್ ಹಾಕಿಕೊಂಡು ಬಂದಿದ್ದ ವಿದ್ಯಾರ್ಥಿನಿಗೆ ಗ್ರಂಥಪಾಲಕರು ನಮ್ಮ ಮುಂದೆಯೇ ಫೋನ್ ಮಾಡಿದರು. ತಾನು ಕಾರ್ಡ್ ತೆಗೆದು ಮೇಷ್ಟ್ರ ಕೈಗೆ ಕೊಟ್ಟೆ, ಬೇರೆಲ್ಲೂ ಹಾಕಿಕೊಂಡಿಲ್ಲ ಎಂದಳು.

"ಆ ಭಾಷಣಗಳು ಅದಾವೇನ್ರಿ?" ಎಂದು ನಾದಿನಿ ಕೇಳಿದಳು.

"ಇದಾವೆ" ಎಂದರು ಮೇಷ್ಟ್ರು, ಸ್ವಲ್ಪ ಹಗುರಾಗಿ. "ಎಲ್ಲರವೂ ಪೂರ್ತಿ ಇದಾವೆ."

ಪೂರ್ತಿ ಇವೆ, ನಾನೂ ಕೇಳಿದ್ದೇನೆ. ಮೈಕ್ ಕಿರುಚಿದ್ದು ಕೂಡ ಇದೆ. ಅದನ್ನು ಯಾರೂ ಹುಡುಗಿಯಿಂದ ಓದಿಸಿಲ್ಲ.

ಗ್ರಂಥಪಾಲಕರು ಕೊಟ್ಟ ಪಾಸ್‌ವರ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯಲ್ಲಿ ಕೂತು ನೋಡಬಹುದು. ಹರಿಹರದಲ್ಲಿ ನಾದಿನಿಯ ಫೋನಿನಲ್ಲಿಯೂ ಬರುತ್ತದೆ. ನಮ್ಮ ಮನೆ ಓನರ್ ಹೆಂಡತಿ ಒಂದು ದಿನ ತಮ್ಮ ಫೋನಿನಲ್ಲಿ ಅದನ್ನು ಹಾಕಿಕೊಂಡು ಬಂದು ನಿಂತರು. ಅವರ ಮನೆಯ ಮುಂದೆ ಇಷ್ಟು ವರ್ಷ ಇವರು ಕೂಗಿದಾಗ ಕಿಟಕಿ ಹಾಕಿಕೊಳ್ಳುತ್ತಿದ್ದವರು.

"ಎಷ್ಟು ಚೆಂದ ಮಾತಾಡ್ಯಾರ್ರಿ ನಿಮ್ಮನೆಯವರು" ಎಂದರು. "ಇಷ್ಟು ಓದ್ಕಂಡಿದ್ರು ಅಂತ ಗೊತ್ತೇ ಇರಲಿಲ್ಲ ನಮಗೆ."

"ಅದು ಅವರಲ್ಲ, ಒಂದು ಹುಡುಗಿ" ಎಂದೆ.

"ಇರಲಿ ಬಿಡ್ರಿ, ಮಾತು ಅವರದೇ ಅಲ್ಲೇನು?"

ಅವತ್ತೇ ಆಟೊ ಹಿಡಿದು ಮತ್ತೆ ಗ್ರಂಥಾಲಯಕ್ಕೆ ಹೋದೆ. ಈ ಸಲ ಒಬ್ಬಳೇ. ಹುಡುಗಿಯ ದನಿ ತೆಗೆದುಹಾಕಿ ಎಂದು ಕೇಳಲು ಹೋಗಿದ್ದೆ. ಗ್ರಂಥಪಾಲಕರು, ಅದನ್ನು ತೆಗೆದರೆ ಯಜಮಾನ್ರ ಬಗ್ಗೆ ಇಲ್ಲಿ ಏನೂ ಉಳಿಯುವುದಿಲ್ಲವಲ್ಲ ಅಮ್ಮ ಎಂದರು. ಅದೂ ನಿಜ. ಹಾಗಾದರೆ ಅವರ ಹೆಸರಾದರೂ ಹಾಕಿ, ಕೆಳಗೆ ಇದು ಅವರ ದನಿಯಲ್ಲ ಎಂದು ಬರೆಯಿರಿ ಎಂದೆ. ಹಾಗೆ ಬರೆಯಲು ಮೇಷ್ಟ್ರನ್ನು ಕೇಳಬೇಕಾಗುತ್ತದೆ ಎಂದು ಕಂಪ್ಯೂಟರ್ ಕಡೆ ತಿರುಗಿದರು. ಆಮೇಲೆ ಕೇಳುವುದು ಬೇಡ ಎಂದು ತಾವೇ ಹೇಳಿಕೊಂಡರು.

"ಹೆಸರು ಹೇಳ್ರಿ ಅಮ್ಮ. ಅವತ್ತು ಕೇಳಿದ್ದೆ, ಕಾಗುಣಿತ ತಪ್ಪಬಾರದು."

ಪಕ್ಕದಲ್ಲಿ ನಾದಿನಿ ಇರಲಿಲ್ಲ. ನಾನೇ ಹೇಳಿದೆ. ಮೆಲ್ಲಗೆ ಹೇಳಿದ್ದರಿಂದ ಅವರಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ.

ಈಗ ಅವರ ಹೆಸರು ಹಾಕಿ ಹುಡುಕಿದರೆ ಬರುತ್ತದೆ. ಬಿಳಿ ಅಂಗಿಯ ಚಿತ್ರ ಬರುತ್ತದೆ, ಕೊಳಲು ಬರುತ್ತದೆ, ಹುಡುಗಿ ಬರುತ್ತಾಳೆ. ಯಾವ ಊರಿನವರು ಬೇಕಾದರೂ, ಯಾವ ಹೊತ್ತಿನಲ್ಲಿ ಬೇಕಾದರೂ ಕೇಳಬಹುದು. ಅವರ ದನಿ ಮಾತ್ರ ಅಲ್ಲಿ ಇಲ್ಲ, ನನ್ನ ಹತ್ತಿರವೂ ಇಲ್ಲ.